ಅಡುಗೆಮನೆಯ ಜೀರ್ಣೋದ್ಧಾರ

ಹಳೆಯ ದೇವಾಲಯವನ್ನು ಸರಿಪಡಿಸಿ ಮತ್ತೆ ನಿಲ್ಲಿಸುವುದಕ್ಕೆ ಜೀರ್ಣೋದ್ಧಾರವೆಂದು ಹೆಸರು. ಅದನ್ನು ಮಾಡಿಸಿದವರ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವುದು ನಮ್ಮ ನಾಡಿನಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಕೆರೆಯ ಏರಿ ಕಟ್ಟಿಸಿದವರಿಗೂ ಶಾಸನಗಳುಂಟು. ಆದರೆ ದಿನಕ್ಕೆ ಎರಡು ಹೊತ್ತು ಬೆಂಕಿ ಹೊತ್ತಿಸಿಕೊಂಡು ಮನೆಮಂದಿಯನ್ನೆಲ್ಲ ಸಾಕುವ ಅಡುಗೆಮನೆಯನ್ನು ಹೊಸದು ಮಾಡಿಸಿದ ಸಂಗತಿಯನ್ನು ಕಲ್ಲಿನ ಮೇಲೆ ಬರೆಸುವವರು ಯಾರು? ಅದು ಮನೆಯೊಳಗಿನ ವಿಷಯ. ಸುಣ್ಣ ಒಣಗುವುದರೊಳಗೆ ಮರೆತುಹೋಗುವ ವಿಷಯ. ಹಾಗಿದ್ದರೂ ಒಂದು ಸಂಸಾರದ ನಿಜವಾದ ಚರಿತ್ರೆಯನ್ನು ತಿಳಿಯಬೇಕಾದರೆ ಹಜಾರದಲ್ಲಿ ತೂಗುಹಾಕಿದ ಪಟಗಳನ್ನು ನೋಡಿದರೆ ಸಾಲದು. ಅಡುಗೆಮನೆಯ ಗೋಡೆಯ ಮಸಿಯನ್ನೂ ನೋಡಬೇಕಾಗುತ್ತದೆ.

ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಹೆಸರು ದೊಡ್ಡಪೇಟೆ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಪೇಟೆಯಲ್ಲಿ ಉತ್ತರ ದಕ್ಷಿಣವಾಗಿ ಸಾಗುವ ದೊಡ್ಡಪೇಟೆಯೂ ಪೂರ್ವ ಪಶ್ಚಿಮವಾಗಿ ಸಾಗುವ ಚಿಕ್ಕಪೇಟೆಯೂ ಪ್ರಧಾನ ಬೀದಿಗಳಾಗಿದ್ದವು. ಇಂದು ಈ ರಸ್ತೆಯು ಮೈಸೂರು ಬ್ಯಾಂಕ್ ವೃತ್ತದಿಂದ ಹೊರಟು ಕೃಷ್ಣರಾಜೇಂದ್ರ ಮಾರುಕಟ್ಟೆಯ ಬಳಿಗೆ ಬಂದು ಸೇರುತ್ತದೆ. ಆ ಬ್ಯಾಂಕು 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನೊಡನೆ ವಿಲೀನವಾದರೂ ವೃತ್ತದ ಹೆಸರು ಜನರ ಬಾಯಲ್ಲಿ ಹಾಗೆಯೇ ಉಳಿದುಕೊಂಡಿದೆ. ಪುಸ್ತಕ, ಕಾಗದ, ಬಟ್ಟೆ, ಚಿನ್ನಬೆಳ್ಳಿಗಳ ಅಂಗಡಿಗಳಿಂದ ಕಿಕ್ಕಿರಿದ ಈ ಬೀದಿಯ ಸುತ್ತಲಿನ ಪೇಟೆಗಳ ಹೆಸರುಗಳನ್ನು ಒಮ್ಮೆ ಗಮನಿಸಿ: ಅಕ್ಕಿಪೇಟೆ, ರಾಗಿಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ. ಅಕ್ಕಿ, ರಾಗಿ, ಎಣ್ಣೆ, ಮಡಕೆ! ಊರನ್ನು ಕಟ್ಟಿದವರು ಒಂದು ಅಡುಗೆಮನೆಗೆ ಬೇಕಾದುದನ್ನೆಲ್ಲ ಬೀದಿಬೀದಿಯಾಗಿ ಹರಡಿಟ್ಟಂತಿದೆ.

ಅಂಗಡಿಗಳ ಹಿಂದೆ, ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಒತ್ತಿ ನಿಲ್ಲಬೇಕಾದಂಥ ಗಲ್ಲಿಗಳಿವೆ. ಆ ಗಲ್ಲಿಗಳ ಮನೆಗಳು ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಗಾಳಿ ಬೆಳಕುಗಳು ಮೇಲಿನಿಂದಲೇ ಇಳಿಯಬೇಕು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಇಂಥ ದಟ್ಟವಾದ ವಸತಿಗಳೇ ಹೆಚ್ಚು ನರಳಿದವು. ಬಸವನಗುಡಿ, ಮಲ್ಲೇಶ್ವರಗಳಂಥ ವಿಶಾಲವಾದ ಬಡಾವಣೆಗಳು ಬೆಳೆಯುವುದಕ್ಕೆ ಆ ಪಿಡುಗೂ ಒಂದು ಕಾರಣವಾಯಿತು. ಆದರೂ ಪೇಟೆಯನ್ನು ಬಿಟ್ಟುಹೋಗದೆ ಅಲ್ಲಿಯೇ ನಿಂತ ಸಂಸಾರಗಳು ಅನೇಕ.

ಅಂಥ ಹಳೆಯ ಮನೆಯ ಅಡುಗೆಮನೆ ಹೇಗಿರುತ್ತಿತ್ತು? ಆಗ್ನೇಯ ಮೂಲೆಯಲ್ಲಿ ನೆಲಕ್ಕೆ ಅಂಟಿದ ಮಣ್ಣಿನ ಒಲೆ. ಅದರ ಪಕ್ಕದಲ್ಲಿ ಕೊಡವೊಲೆ. ತಲೆಯ ಮೇಲೆ ಹೊಗೆ ಹೋಗಲು ಒಂದು ಗವಾಕ್ಷಿ. ನೆಲದಲ್ಲಿ ಹೂತ ಒರಳುಕಲ್ಲು, ಗೋಡೆಗೆ ಒರಗಿಸಿದ ಒನಕೆ, ಮೂಲೆಯಲ್ಲಿ ಬೀಸುವ ಕಲ್ಲು. ಬೆಕ್ಕಿಗೆ ನಿಲುಕದಂತೆ ಹಾಲು ಮೊಸರುಗಳನ್ನು ತೂಗುಹಾಕಲು ನೆಲುವು. ಉಪ್ಪಿನಕಾಯಿಗೆ ಪಿಂಗಾಣಿಯ ಜಾಡಿ. ಕುಳಿತು ಹೆಚ್ಚಲು ಈಳಿಗೆಮಣೆ, ಬಗ್ಗಿ ಊದಲು ಊದುಗೊಳವೆ. ಎಲ್ಲ ಕೆಲಸವೂ ನೆಲದ ಮಟ್ಟದಲ್ಲಿಯೇ. ಅಲ್ಲಿ ದುಡಿಯುವವರು ದಿನಕ್ಕೆ ಎಷ್ಟು ಸಲ ಕುಳಿತು ಎಷ್ಟು ಸಲ ಏಳುತ್ತಿದ್ದರೆಂಬುದನ್ನು ಯಾರೂ ಎಣಿಸಿರಲಿಲ್ಲ.

ಅಡುಗೆಮನೆ ಒಂದೇ ದಿನದಲ್ಲಿ ಬದಲಾಗಲಿಲ್ಲ. 1905ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಕ್ರಮೇಣ ಬುಡ್ಡಿದೀಪದ ಸ್ಥಾನಕ್ಕೆ ಬಲ್ಬು ಬಂದಿತು. ಹೆಸರಘಟ್ಟದ ನೀರು, 1933ರ ಬಳಿಕ ತಿಪ್ಪಗೊಂಡನಹಳ್ಳಿಯ ನೀರು, 1974ರಿಂದ ದೂರದ ಕಾವೇರಿಯ ನೀರು ನಲ್ಲಿಗಳಲ್ಲಿ ಹರಿದು, ಬಾವಿಯ ರಾಟೆ ನಿಧಾನವಾಗಿ ಮೌನವಾಯಿತು. ಸೌದೆಯ ಜೊತೆಗೆ ಇದ್ದಿಲ ಒಲೆ, ಮರದ ಹೊಟ್ಟಿನ ಒಲೆ, ಸೀಮೆಎಣ್ಣೆಯ ಸ್ಟೌಗಳು ಬಂದುವು. ಕೊನೆಗೆ ಅನಿಲದ ಸಿಲಿಂಡರು ಬಂದಿತು. 1959ರಿಂದ ನಮ್ಮ ದೇಶದಲ್ಲಿಯೇ ತಯಾರಾದ ಪ್ರೆಷರ್ ಕುಕ್ಕರುಗಳು ಮಾರುಕಟ್ಟೆಗೆ ಬಂದು ಬೇಳೆ ಬೇಯುವ ಕಾಲವನ್ನು ಮೊಟಕುಗೊಳಿಸಿದುವು. ಮುಚ್ಚಿದ ಪಾತ್ರೆಯಲ್ಲಿ ಒತ್ತಡ ಹೆಚ್ಚಿದಾಗ ನೀರು 100 ಡಿಗ್ರಿಯಲ್ಲಿ ಕುದಿಯದೆ ಸುಮಾರು 120 ಡಿಗ್ರಿಯವರೆಗೆ ಕಾಯುವುದೇ ಇದರ ಗುಟ್ಟು. ಇತ್ತ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ವಿಭಾಗವು ಆರಂಭವಾಯಿತು. ಸಾಧಾರಣ ಸೌದೆ ಒಲೆಯಲ್ಲಿ ಉರಿಯ ಹೆಚ್ಚಿನ ಪಾಲು ಪಾತ್ರೆಗೆ ತಗುಲದೆ ವ್ಯರ್ಥವಾಗುವುದನ್ನು ಕಂಡು, ಅಲ್ಲಿನ ವಿಜ್ಞಾನಿಗಳು ಕಡಿಮೆ ಸೌದೆಯಲ್ಲಿ ಮೂರು ಪಾತ್ರೆಗಳನ್ನು ಕಾಯಿಸಿ ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಕಳುಹಿಸುವ ‘ಅಸ್ತ್ರ ಒಲೆ’ಯನ್ನು ರೂಪಿಸಿದರು. ಒಲೆಯೂ ವಿಜ್ಞಾನದ ಅಧ್ಯಯನಕ್ಕೆ ಯೋಗ್ಯವಾದ ವಸ್ತುವೆಂಬುದು ಹೀಗೆ ಸಿದ್ಧವಾಯಿತು.

ಈಗ ಅವೆನ್ಯೂ ರಸ್ತೆಯ ಗಲ್ಲಿಯೊಂದರಲ್ಲಿ ವಾಸಿಸುವ ವೃದ್ಧ ದಂಪತಿಗಳ ಸಂಸಾರವನ್ನು ನಾವು ಕಲ್ಪಿಸಿಕೊಳ್ಳೋಣ. ಹೆಸರುಗಳು ಬೇಡ, ತಾತ, ಅಜ್ಜಿ ಎಂದರೆ ಸಾಕು. ತಾತ ಸರ್ಕಾರಿ ಕಚೇರಿಯಲ್ಲಿ ಲೆಕ್ಕಪತ್ರದ ಗುಮಾಸ್ತರಾಗಿದ್ದು ನಿವೃತ್ತರಾದವರು. ಮಕ್ಕಳು ದೂರದ ಊರುಗಳಲ್ಲಿ ನೆಲೆಸಿದ್ದಾರೆ. ಮಳೆಗಾಲದಲ್ಲಿ ಅಡುಗೆಮನೆಯ ತಾರಸಿ ಸೋರತೊಡಗಿತು. ಗಾರೆಯ ಚಕ್ಕೆಗಳು ಸಾರಿನ ಪಾತ್ರೆಗೆ ಉದುರಿದುವು. ಅದಕ್ಕಿಂತ ಮುಖ್ಯವಾಗಿ, ಅಜ್ಜಿಗೆ ಮಂಡಿನೋವು ಬಲವಾಗಿ ನೆಲದಿಂದ ಏಳುವಾಗ ಗೋಡೆಯನ್ನು ಹಿಡಿಯುವಂತಾಯಿತು. ಅನಿಲದ ಒಲೆ ಬಂದು ವರ್ಷಗಳೇ ಆಗಿದ್ದರೂ ಅದನ್ನು ಹಳೆಯ ಒಲೆಯ ಜಾಗದಲ್ಲಿಯೇ, ಗೇಣುದ್ದದ ಕಲ್ಲಿನ ಮೇಲೆ ಇಟ್ಟುಕೊಂಡಿದ್ದರು. ಒಲೆ ಬದಲಾಗಿತ್ತು, ಬಗ್ಗುವುದು ಬದಲಾಗಿರಲಿಲ್ಲ. ಕೊನೆಗೆ ಅಡುಗೆಮನೆಯನ್ನು ಹೊಸದಾಗಿ ಮಾಡಿಸುವುದೆಂದು ನಿಶ್ಚಯವಾಯಿತು.

ಗಲ್ಲಿಯೊಳಗೆ ಲಾರಿ ಬರುವಂತಿಲ್ಲ. ಮರಳು, ಇಟ್ಟಿಗೆ, ಸಿಮೆಂಟು, ಕಡಪದ ಕಪ್ಪು ಕಲ್ಲು ಎಲ್ಲವೂ ಕೈಗಾಡಿಯಲ್ಲಿಯೂ ಕೂಲಿಯವರ ತಲೆಯ ಮೇಲೆಯೂ ಬಂದುವು. ಅಡುಗೆಮನೆಯನ್ನು ಬರಿದುಮಾಡುವುದೇ ಎರಡು ದಿನದ ಕೆಲಸವಾಯಿತು. ಅಟ್ಟದಿಂದ ಇಳಿದ ಹಿತ್ತಾಳೆಯ ಕೊಳದಪ್ಪಲೆಗಳ ಒಳಗಿನ ಕಲಾಯಿ ಸವೆದುಹೋಗಿತ್ತು. ಹುಣಿಸೆಯ ಹುಳಿ ತಾಮ್ರ ಹಿತ್ತಾಳೆಗಳೊಡನೆ ಸೇರಿ ಕಿಲುಬಾಗದಂತೆ ತವರದ ತೆಳುವಾದ ಲೇಪ ಕೊಡುವುದೇ ಕಲಾಯಿ. “ಕಲಾಯಿಯವನು ಬೀದಿಯಲ್ಲಿ ಕೂಗಿ ಎಷ್ಟು ಕಾಲವಾಯಿತೋ!” ಎಂದು ಅಜ್ಜಿ ಪಾತ್ರೆಯನ್ನು ತಿರುವಿ ನೋಡಿದರು.

ನಡುಮನೆಯ ಒಂದು ಮೂಲೆಯಲ್ಲಿ ತಾತ್ಕಾಲಿಕ ಅಡುಗೆಮನೆ ಸಿದ್ಧವಾಯಿತು. ಅವೆನ್ಯೂ ರಸ್ತೆಯ ಹಳೆಯ ಪುಸ್ತಕದಂಗಡಿಗಳಲ್ಲಿ ಆಯ್ದು ತಂದ ತಾತನ ಪುಸ್ತಕಗಳು ಕಪಾಟಿನಿಂದ ಮಂಚದ ಕೆಳಕ್ಕೆ ಇಳಿದುವು. ಅವುಗಳ ಸ್ಥಾನದಲ್ಲಿ ತೊಗರಿಬೇಳೆ, ಸಾರಿನ ಪುಡಿ, ಹಿಂಗಿನ ಡಬ್ಬಿಗಳು ಕುಳಿತುವು. ಒಗ್ಗರಣೆಯ ಘಾಟು ಮನೆಯನ್ನೆಲ್ಲ ತುಂಬುತ್ತಿದ್ದುದರಿಂದ ಊಟವು ಅನ್ನ, ತಿಳಿಸಾರು, ಹಪ್ಪಳಗಳಿಗೆ ಇಳಿಯಿತು. ಮುಚ್ಚಿಟ್ಟ ಮಜ್ಜಿಗೆಯಲ್ಲಿಯೂ ಸಿಮೆಂಟಿನ ಧೂಳು ಕಾಣಿಸುತ್ತಿತ್ತು. ಬೆಳಗಿನ ಆರು ಗಂಟೆಯ ಕಾಫಿ ಮಾತ್ರ ಒಂದು ದಿನವೂ ತಪ್ಪಲಿಲ್ಲ. ಮನೆಯ ಅರ್ಧ ಭಾಗ ಕುಸಿದಂತಿದ್ದರೂ ಇಬ್ಬರೂ ಹೊಸ್ತಿಲ ಬಳಿ ಕುಳಿತು ಲೋಟವನ್ನು ಕೈಗೆ ತೆಗೆದುಕೊಂಡಾಗ ಸಂಸಾರವು ಎಂದಿನಂತೆಯೇ ಇದೆಯೆಂದು ತೋರುತ್ತಿತ್ತು.

ಅಡುಗೆಮನೆಯ ನಲ್ಲಿಯನ್ನು ಕಿತ್ತಿದ್ದರಿಂದ ನೀರನ್ನು ಹಿತ್ತಲಿನಿಂದ ತರಬೇಕಾಯಿತು. ಅಜ್ಜಿಯ ಮಂಡಿ ಅದಕ್ಕೆ ಒಪ್ಪದು. ತಾತನೇ ಬಿಂದಿಗೆ ಹಿಡಿದರು. ಲೆಕ್ಕ ಬರೆಯುವುದು ಅವರ ಹುಟ್ಟುಗುಣ. ಮೊದಲನೆಯ ದಿನ ರಾತ್ರಿ ಖರ್ಚಿನ ಪುಸ್ತಕದ ಎಡಪುಟದಲ್ಲಿ ಮರಳು, ಕೂಲಿಗಳ ಬಾಬತ್ತನ್ನು ಬರೆದ ಮೇಲೆ ಬಲಪುಟದಲ್ಲಿ ಇದನ್ನೂ ಬರೆದರು: “ನೀರು, ಬಿಂದಿಗೆ 9.” ಬಿಂದಿಗೆಗೆ ಹನ್ನೆರಡು ಲೀಟರಿನಂತೆ ನೂರೆಂಟು ಲೀಟರು, ಅಂದರೆ ನೂರೆಂಟು ಕಿಲೋಗ್ರಾಂ ಭಾರ. ಜಪಮಾಲೆಯ ಮಣಿಗಳೂ ನೂರೆಂಟೇ ಅಲ್ಲವೇ ಎಂದು ಅವರು ನಕ್ಕರು. ಆದರೆ ಹಾಸಿಗೆಯಲ್ಲಿ ಹೊರಳಿದಾಗ ಭುಜ ನೋಯಿತು.

“ನಲ್ಲಿ ಬರುವುದಕ್ಕೆ ಮೊದಲು ನೀರನ್ನು ಯಾರು ತರುತ್ತಿದ್ದರು?” ಎಂದು ಅವರು ಕೇಳಿದರು.

“ಯಾರು ಎಂದರೇನು? ನಾನು, ಅತ್ತೆಯವರು” ಎಂದರು ಅಜ್ಜಿ. “ಅತ್ತೆಯವರಿಗೆ ವಯಸ್ಸಾದ ಮೇಲೆ ನಾನೊಬ್ಬಳೇ.”

“ನನಗೆ ಕಾಣಲೇ ಇಲ್ಲವಲ್ಲ!”

“ನೀವು ಕಚೇರಿಗೆ ಹೊರಡುವ ಹೊತ್ತಿಗೆ ಹಂಡೆ ತುಂಬಿರುತ್ತಿತ್ತು. ತುಂಬಿದ ಹಂಡೆಯಷ್ಟೇ ನಿಮಗೆ ಕಾಣುತ್ತಿತ್ತು.”

ಆ ಮಾತಿನಲ್ಲಿ ದೂರಿನ ಧ್ವನಿಯಿರಲಿಲ್ಲ. ಆದರೂ ತಾತನಿಗೆ ಅಂದು ಬೇಗ ನಿದ್ರೆ ಬರಲಿಲ್ಲ. ಮರುದಿನದಿಂದ ಬಲಪುಟದ ಪಟ್ಟಿ ಉದ್ದವಾಗುತ್ತ ಹೋಯಿತು: ಅಕ್ಕಿ ಆರಿಸಿದ್ದು, ಹಾಲು ಕಾಯಿಸಿ ಹೆಪ್ಪುಹಾಕಿದ್ದು, ತರಕಾರಿ ಹೆಚ್ಚಿದ್ದು, ಕೆಲಸದವರಿಗೆ ಎರಡು ಸಲ ಕಾಫಿ ಕೊಟ್ಟದ್ದು, ಪಾತ್ರೆ ಒರೆಸಿದ್ದು. ಗೋಡೆಯ ಮರೆಯಲ್ಲಿ ನಡೆಯುತ್ತಿದ್ದ ಕೆಲಸವೆಲ್ಲ ಈಗ ನಡುಮನೆಯಲ್ಲಿ, ಅವರ ಕುರ್ಚಿಯ ಎದುರಿಗೇ ನಡೆಯುತ್ತಿತ್ತು. ಇದು ಒಂದು ಮನೆಯ ಕಥೆಯಷ್ಟೇ ಅಲ್ಲ. ಭಾರತ ಸರ್ಕಾರದ ಅಂಕಿಅಂಶ ಕಚೇರಿಯು 2019ರಲ್ಲಿ ಜನರು ದಿನದ ಕಾಲವನ್ನು ಹೇಗೆ ಬಳಸುತ್ತಾರೆಂಬುದರ ಸಮೀಕ್ಷೆ ನಡೆಸಿತು. ಸಂಬಳವಿಲ್ಲದ ಮನೆಗೆಲಸಕ್ಕೆ, ಅದನ್ನು ಮಾಡುವ ಸ್ತ್ರೀಯರು ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ ಪುರುಷರು 97 ನಿಮಿಷಗಳನ್ನೂ ವಿನಿಯೋಗಿಸುತ್ತಾರೆಂದು ಅದರಿಂದ ತಿಳಿದುಬಂದಿತು. ಕರ್ನಾಟಕದ ಸರ್ಕಾರಿ ನೌಕರರು ಅರವತ್ತನೆಯ ವಯಸ್ಸಿಗೆ ನಿವೃತ್ತರಾಗುತ್ತಾರೆ. ಅಡುಗೆಮನೆಗೆ ಅಂಥ ವಯೋಮಿತಿಯನ್ನು ಯಾರೂ ಗೊತ್ತುಮಾಡಿಲ್ಲ.

ನಾಲ್ಕನೆಯ ದಿನ ಮೇಸ್ತ್ರಿ ಬಂದು ತಾತನನ್ನು ಕೇಳಿದನು: “ಸ್ವಾಮಿ, ಕಟ್ಟೆ ಎಷ್ಟು ಎತ್ತರ ಬರಲಿ?”

ಹಿಂದಿನ ದಿನವಾಗಿದ್ದರೆ “ಎಲ್ಲರ ಮನೆಯಲ್ಲಿ ಇರುವಷ್ಟು” ಎಂದು ಅವರು ಹೇಳಿಬಿಡುತ್ತಿದ್ದರೋ ಏನೋ. ಅಂದು ಸ್ವಲ್ಪ ತಡೆದು, “ಆ ಕಟ್ಟೆಯ ಮುಂದೆ ನಿಲ್ಲುವವರನ್ನು ಕೇಳಪ್ಪ” ಎಂದು ಒಳಗೆ ನೋಡಿದರು. ಮೇಸ್ತ್ರಿಯು ಅಜ್ಜಿಯನ್ನು ಗೋಡೆಯ ಪಕ್ಕದಲ್ಲಿ ನಿಲ್ಲಿಸಿ ಮೊಣಕೈಯನ್ನು ಮಡಿಸುವಂತೆ ಹೇಳಿದನು. ಮೊಣಕೈಗಿಂತ ನಾಲ್ಕು ಅಂಗುಲ ಕೆಳಗೆ ಸೀಮೆಸುಣ್ಣದಿಂದ ಗೆರೆ ಎಳೆದನು. ಅದಕ್ಕಿಂತ ಎತ್ತರವಾದರೆ ಭುಜ ಸೋಲುತ್ತದೆ. ತಗ್ಗಾದರೆ ಬೆನ್ನು ಬಾಗುತ್ತದೆ. ಅಜ್ಜಿ ಸ್ವಲ್ಪ ಗಿಡ್ಡ. ಅವರ ಅಳತೆಯ ಕಟ್ಟೆಯು ಪೇಟೆಯ ಇತರ ಕಟ್ಟೆಗಳಿಗಿಂತ ಒಂದು ಹಿಡಿ ತಗ್ಗಾಗಿಯೇ ಎದ್ದಿತು.

ಇದೇ ಪ್ರಶ್ನೆಯನ್ನು ಸುಮಾರು ನೂರು ವರ್ಷಗಳ ಹಿಂದೆ ದೂರದ ಜರ್ಮನಿಯಲ್ಲಿ ಒಬ್ಬಾಕೆ ಕೇಳಿದ್ದಳು. ಮಾರ್ಗರೆಟೆ ಶೂಟೆ-ಲಿಹೋಟ್ಸ್ಕಿ ಎಂಬ ಆಸ್ಟ್ರಿಯದ ವಾಸ್ತುಶಿಲ್ಪಿಯು 1926ರಲ್ಲಿ ಫ್ರಾಂಕ್‌ಫರ್ಟ್ ನಗರದ ಹೊಸ ಮನೆಗಳಿಗಾಗಿ ಒಂದು ಅಡುಗೆಮನೆಯ ಮಾದರಿಯನ್ನು ರಚಿಸಿದಳು. ಅದರ ಅಗಲ 1.9 ಮೀಟರು, ಉದ್ದ 3.4 ಮೀಟರು. ಒಲೆಯಿಂದ ತೊಟ್ಟಿಗೆ, ತೊಟ್ಟಿಯಿಂದ ಕಪಾಟಿಗೆ ಎಷ್ಟು ಹೆಜ್ಜೆ ನಡೆಯಬೇಕು, ಅದನ್ನು ಎಷ್ಟು ಕಡಿಮೆ ಮಾಡಬಹುದು ಎಂದು ಆಕೆ ಎಣಿಸಿ ನೋಡಿದಳು. ಸ್ವಾರಸ್ಯವೇನೆಂದರೆ, ಆಗ ಆಕೆ ಅಡುಗೆ ಮಾಡಿದವಳೂ ಅಲ್ಲ, ಸಂಸಾರ ನಡೆಸಿದವಳೂ ಅಲ್ಲ. ಅದನ್ನು ಆಕೆಯೇ ಮುಂದೆ ಹೇಳಿಕೊಂಡಿದ್ದಾಳೆ. ಆದುದರಿಂದಲೇ ಗೃಹಿಣಿಯರನ್ನು ವಿಚಾರಿಸಿ, ಅವರ ಚಲನವಲನಗಳನ್ನು ಅಭ್ಯಸಿಸಿ ತಿಳಿದುಕೊಂಡಳು. ತಿಳಿಯದುದನ್ನು ತಿಳಿದವರಿಂದ ಕೇಳುವುದು ವಾಸ್ತುಶಿಲ್ಪಿಗೂ ಒಪ್ಪುವ ಗುಣ, ಗುಮಾಸ್ತರಿಗೂ ಒಪ್ಪುವ ಗುಣ.

ಕಟ್ಟೆಯ ಕೆಳಗೆ ಹೊರಗೋಡೆಯಲ್ಲಿ ನೆಲದ ಮಟ್ಟಕ್ಕೆ ಒಂದು ಕಿಂಡಿಯನ್ನು ಬಿಡಿಸಲಾಯಿತು. ಅಡುಗೆ ಅನಿಲವು ಗಾಳಿಗಿಂತ ಭಾರವಾದುದು. ಸೋರಿದರೆ ಮೇಲಕ್ಕೆ ಏರಿ ಹೋಗದೆ ನೆಲದಲ್ಲಿಯೇ ಹರಡಿ ನಿಲ್ಲುತ್ತದೆ. ಹಳೆಯ ಗವಾಕ್ಷಿಯು ಹೊಗೆಗೆ ದಾರಿಯಾಗುತ್ತಿತ್ತೇ ಹೊರತು ಈ ಅನಿಲಕ್ಕೆ ದಾರಿಯಾಗಲಾರದು. ಅನಿಲಕ್ಕೆ ಸಹಜವಾಗಿ ಅಂಥ ವಾಸನೆಯಿಲ್ಲ. ಸೋರಿದುದು ತಿಳಿಯಲೆಂದೇ ಕೆಟ್ಟ ವಾಸನೆಯ ರಾಸಾಯನಿಕವನ್ನು ಅದಕ್ಕೆ ಬೆರೆಸಿರುತ್ತಾರೆ. ಅಂಥ ವಾಸನೆ ಬಂದಾಗ ದೀಪದ ಸ್ವಿಚ್ಚನ್ನು ಒತ್ತದೆ, ಕಡ್ಡಿ ಗೀರದೆ, ಬಾಗಿಲು ಕಿಟಕಿಗಳನ್ನು ತೆರೆದು ಸಿಲಿಂಡರಿನ ರೆಗ್ಯುಲೇಟರನ್ನು ಮುಚ್ಚಬೇಕೆಂಬುದನ್ನು ನೀವೂ ನೆನಪಿನಲ್ಲಿಡಬೇಕು.

ಇನ್ನು ಉಳಿದದ್ದು ಒರಳುಕಲ್ಲು. ಹೊಸ ನೆಲ ಹಾಕಬೇಕಾದರೆ ಅದನ್ನು ಕೀಳಬೇಕು. ಮೂರು ತಲೆಮಾರಿನ ಕೈಗಳು ತಿರುಗಿಸಿ ತಿರುಗಿಸಿ ಅದರ ಗುಳಿ ಕನ್ನಡಿಯಂತೆ ನಯವಾಗಿತ್ತು. ಹಿಂದೆ ಉಳಿಯಿಂದ ಕಲ್ಲು ಮುಳ್ಳುಮಾಡುವವರು ಬೀದಿಯಲ್ಲಿ ಕೂಗುತ್ತ ಬಂದಾಗ ಅದಕ್ಕೆ ಮತ್ತೆ ಹರಿತ ಬರುತ್ತಿತ್ತು. ಮಿಕ್ಸಿ ಬಂದ ಮೇಲೆ ಅದು ಹಬ್ಬಕ್ಕೊಮ್ಮೆ ಅರಿಶಿನ ಕುಂಕುಮ ಕಾಣುವ ಕಲ್ಲಾಗಿತ್ತು. ತಾತನಿಗೆ ಅದನ್ನು ಕೀಳಿಸಲು ಮನಸ್ಸು ಬಾರದು.

“ಅಮ್ಮ ರುಬ್ಬಿದ ಕಲ್ಲು. ಆ ಚಟ್ನಿಯ ರುಚಿ ಈ ಯಂತ್ರಕ್ಕೆ ಬಂದೀತೆ? ಅದು ಅಲ್ಲೇ ಇರಲಿ” ಎಂದರು.

ಅಜ್ಜಿ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ ಹೇಳಿದರು: “ರುಚಿ ನಿಮಗೆ ನೆನಪಿದೆ, ನನಗೆ ರಟ್ಟೆ ನೆನಪಿದೆ. ಶ್ರಾದ್ಧ, ಹಬ್ಬ, ಬಸಿರು, ಬಾಣಂತನ ಯಾವುದಕ್ಕೂ ಆ ಕಲ್ಲು ಬಿಡುವು ಕೊಡಲಿಲ್ಲ. ಅತ್ತೆಯವರೂ ಕೊನೆಗೆ ಬಲಗೈ ಎತ್ತಲಾರದೆ ಹೋದರು. ನೀವು ರುಬ್ಬಿದ್ದರೆ ಹೀಗೆ ಹೇಳುತ್ತಿರಲಿಲ್ಲ. ಅದರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ದಿನಾ ಕಣ್ಣೆದುರಿಗೆ ಬೇಡ.”

ಹಳೆಯ ವಸ್ತುವನ್ನು ನೋಡಿ ನಾವು ಹಿಂದಿನ ಕಾಲವನ್ನು ಕೊಂಡಾಡುವುದುಂಟು. ಆ ಕಾಲದ ರುಚಿಯನ್ನು ಉಂಡವರ ನೆನಪೂ ಅದಕ್ಕಾಗಿ ದುಡಿದವರ ನೆನಪೂ ಒಂದೇ ಆಗಿರುವುದಿಲ್ಲ. ಎರಡೂ ಸತ್ಯವೇ, ಆದರೆ ಎರಡನೆಯದನ್ನು ಕೇಳುವವರು ಕಡಿಮೆ. ತಾತ ಅಂದು ಕೇಳಿದರು. ನಾಲ್ವರು ಆಳುಗಳು ಹಾರೆ ಹಾಕಿ ಒರಳನ್ನು ಎಬ್ಬಿಸಿ ಹಿತ್ತಲಿನ ನಲ್ಲಿಯ ಕೆಳಗೆ ಇಳಿಸಿದರು. ಗುಂಡುಕಲ್ಲನ್ನು ಮಾತ್ರ ಅಜ್ಜಿಯೇ ಆರಿಸಿ ಹಿಂಬಾಗಿಲಿಗೆ ಒತ್ತುಗಲ್ಲಾಗಿ ಇಡಿಸಿದರು. “ಇಷ್ಟು ವರ್ಷ ನಾನು ಅದನ್ನು ತಿರುಗಿಸಿದೆ. ಇನ್ನು ಅದು ಸುಮ್ಮನೆ ಕೂತಿರಲಿ” ಎಂದು ನಕ್ಕರು.

ಮೂರನೆಯ ವಾರದ ಕೊನೆಗೆ ಕೆಲಸ ಮುಗಿಯಿತು. ಒಳ್ಳೆಯ ದಿನ ನೋಡಿ ಹಾಲು ಉಕ್ಕಿಸಿದರು. ಗಾರೆಯವರಿಗೂ ಕೂಲಿಯವರಿಗೂ ಪಾಯಸದ ಊಟ ನಡೆಯಿತು. ಹೊಸ ಕಟ್ಟೆಯಿಂದ ಒಂದು ಅನಿರೀಕ್ಷಿತವಾದ ಪ್ರಯೋಜನವೂ ಆಯಿತು. ನೆಲದ ಒಲೆಯ ಮುಂದೆ ಒಬ್ಬರಿಗೆ ಮಾತ್ರ ಜಾಗವಿತ್ತು. ಕಟ್ಟೆಯ ಮುಂದೆ ಇಬ್ಬರು ನಿಲ್ಲಬಹುದು. ಬೆಳಗಿನ ಕಾಫಿಯ ಡಿಕಾಕ್ಷನ್ ಹಾಕುವ ಕೆಲಸವನ್ನು ತಾತ ತಾವೇ ವಹಿಸಿಕೊಂಡರು. ಮೊದಲ ದಿನ ಅದು ನೀರಾಗಿತ್ತು. ಎರಡನೆಯ ದಿನ ಕಹಿಯಾಗಿತ್ತು. ಅಜ್ಜಿ ಎರಡನ್ನೂ ಮಾತಿಲ್ಲದೆ ಕುಡಿದರು. ಮೂರನೆಯ ದಿನ “ಪರವಾಗಿಲ್ಲ” ಎಂದರು. ತರಕಾರಿ ಹೆಚ್ಚುವುದೂ ತಾತನ ಪಾಲಿಗೆ ಬಂದಿತು. ಕಟ್ಟೆ ತಮಗೆ ತಗ್ಗಾಯಿತೆಂದು ಅವರು ಗೊಣಗಿದಾಗ, ಕುಳಿತು ಹೆಚ್ಚಲು ಒಂದು ಮುಕ್ಕಾಲಿ ಬಂದಿತು.

ಮನೆಯೊಂದರ ಘನತೆಯನ್ನು ಅದರ ಮುಂಬಾಗಿಲ ಕೆತ್ತನೆಯಿಂದ ಅಳೆಯುವವರಿದ್ದಾರೆ. ಆ ಮನೆಯಲ್ಲಿ ದುಡಿಯುವ ಕೈಗಳಿಗೆ ಎಷ್ಟು ಗಾಳಿ, ಎಷ್ಟು ಬೆಳಕು, ಎಷ್ಟು ವಿಶ್ರಾಂತಿ ದೊರೆಯುತ್ತದೆ ಎಂಬುದು ಅದಕ್ಕಿಂತ ನಿಜವಾದ ಅಳತೆಗೋಲು. ಕಲ್ಲು, ಸಿಮೆಂಟುಗಳಿಂದ ಅಡುಗೆಮನೆಯನ್ನು ಸರಿಪಡಿಸಲು ಮೂರು ವಾರ ಸಾಕು. ಒಬ್ಬರ ಶ್ರಮವನ್ನು ಮತ್ತೊಬ್ಬರು ಕಣ್ಣಿಟ್ಟು ನೋಡಿ ಅದರಲ್ಲಿ ಪಾಲುಗೊಳ್ಳುವ ಅಭ್ಯಾಸವನ್ನು ಬೆಳೆಸಿಕೊಳ್ಳಲು ಮುಪ್ಪಿನವರೆಗೆ ಕಾಯಬೇಕಾಗಿಲ್ಲ.

ಅಭ್ಯಾಸ

1. ಅವೆನ್ಯೂ ರಸ್ತೆಯ ಸುತ್ತಲಿನ ಪೇಟೆಗಳ ಹೆಸರುಗಳಲ್ಲಿ ಲೇಖಕರು ಕಂಡ ವಿಶೇಷವೇನು?
2. ಅಡುಗೆ ಅನಿಲವನ್ನು ಬಳಸುವ ಮನೆಯಲ್ಲಿ ನೆಲದ ಮಟ್ಟಕ್ಕೆ ಕಿಂಡಿ ಇರಬೇಕು. ಏಕೆ?
3. ಖರ್ಚಿನ ಪುಸ್ತಕದ ಬಲಪುಟದಿಂದ ತಾತನಿಗೆ ಯಾವ ಅರಿವು ಉಂಟಾಯಿತು?
4. “ರುಚಿ ನಿಮಗೆ ನೆನಪಿದೆ, ನನಗೆ ರಟ್ಟೆ ನೆನಪಿದೆ.” ಈ ಮಾತನ್ನು ಸಂದರ್ಭದೊಡನೆ ವಿವರಿಸಿ.
5. ನಿಮ್ಮ ಮನೆಯಲ್ಲಿ ಒಂದು ದಿನ ನಡೆಯುವ ಅಡುಗೆಮನೆಯ ಕೆಲಸಗಳನ್ನೂ ಅವುಗಳನ್ನು ಮಾಡಿದವರನ್ನೂ ಗಮನಿಸಿ ಒಂದು ಪಟ್ಟಿ ತಯಾರಿಸಿ. ಅದರಲ್ಲಿ ನಿಮ್ಮ ಪಾಲೆಷ್ಟೆಂಬುದನ್ನು ಬರೆಯಿರಿ.